ದಾಕ್ಷಿಣ್ಯದ ಬಡ್ಡಿ

ಬದನೆಕಾಯಿ ಕೊಳ್ಳುವಾಗ ನಮ್ಮಷ್ಟು ಜಾಣರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ಒಂದೊಂದನ್ನೂ ಕೈಗೆತ್ತಿಕೊಂಡು, ತೊಟ್ಟು ಹಿಡಿದು ತಿರುಗಿಸಿ, ಹುಳು ಕೊರೆದ ತೂತೇನಾದರೂ ಉಂಟೋ ಎಂದು ಬೆಳಕಿಗೆ ಹಿಡಿದು ನೋಡಿ, ತೂಕ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಕೊನೆಗೆ ಎರಡು ಎಸಳು ಕೊತ್ತಂಬರಿಯನ್ನು ಕೊಸರಾಗಿ ಹಾಕಿಸಿಕೊಂಡ ಮೇಲೆಯೇ ನಾವು ಕಾಸು ಬಿಚ್ಚುವುದು. ಬಾಡಿಗೆ ಮನೆ ಹಿಡಿಯುವಾಗ ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಗಂಟೆಗೆ ನಿಲ್ಲುತ್ತದೆ, ಪಕ್ಕದ ಮನೆಯವರು ಎಂಥವರು ಎಂದೆಲ್ಲ ಸವಾಲು ಹಾಕುತ್ತೇವೆ. ಆದರೆ ಇದೇ ನಾವು, ಮೂವತ್ತು ವರ್ಷ ಗೇಯ್ದು ಉಳಿಸಿದ ಗಂಟನ್ನು ತೆಗೆದುಕೊಂಡು ಹೋಗಿ ಒಬ್ಬರ ಕೈಯಲ್ಲಿಡುವಾಗ ಮಾತ್ರ ಬಾಯಿ ಕಟ್ಟಿದವರಂತೆ ನಿಲ್ಲುತ್ತೇವೆ. ಕೇಳಿದರೆ ಅವರು ಏನೆಂದುಕೊಂಡಾರು!

ಈ ‘ಏನೆಂದುಕೊಂಡಾರು’ ಎಂಬ ಪದಕ್ಕೆ ನಮ್ಮಲ್ಲಿ ಇನ್ನೊಂದು ಗೌರವದ ಹೆಸರುಂಟು: ದಾಕ್ಷಿಣ್ಯ. ಒಳ್ಳೆಯ ಕುಲದ ಶಬ್ದ. ಸಂಸ್ಕೃತದ ಅಲಂಕಾರಶಾಸ್ತ್ರದಲ್ಲಿ ‘ದಕ್ಷಿಣ ನಾಯಕ’ ಎಂದು ಒಬ್ಬನಿದ್ದಾನೆ. ಅನೇಕ ಮಂದಿ ನಾಯಿಕೆಯರಿದ್ದರೂ ಒಬ್ಬಳ ಮನಸ್ಸನ್ನೂ ನೋಯಿಸದೆ ಎಲ್ಲರನ್ನೂ ಸಮನಾಗಿ ಆದರಿಸುವವನು ಅವನು. ಅವನ ಸಾಹಸ ನಮಗೆ ಬೇಡ. ಆದರೆ ಎದುರಿಗಿರುವವರ ಮನಸ್ಸು ನೋಯಬಾರದೆಂಬ ಆ ಗುಣ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇಂದಿಗೂ ಹಾಸುಹೊಕ್ಕಾಗಿದೆ. ಊಟ ಸಾಕೆನ್ನಲು ದಾಕ್ಷಿಣ್ಯ, ಕೊಟ್ಟ ಸಾಲ ಕೇಳಲು ದಾಕ್ಷಿಣ್ಯ, ಹತ್ತು ಗಂಟೆಯಾದರೂ ಏಳದ ಅತಿಥಿಯನ್ನು ಎಬ್ಬಿಸಲು ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಸಿಕ್ಕಿದವರ ಗತಿಯನ್ನು ಕುರಿತು ನಮ್ಮ ಹಿರಿಯರು ಒಂದು ಗಾದೆಯನ್ನೇ ಕಟ್ಟಿದ್ದಾರೆ. ಅದು ಪತ್ರಿಕೆಯಲ್ಲಿ ಅಚ್ಚು ಮಾಡುವಂಥದಲ್ಲ. ಓದುಗರಿಗೆ ಗೊತ್ತಿಲ್ಲದ್ದೂ ಅಲ್ಲ.

ಯಾವುದಾದರೂ ಫೈನಾನ್ಸ್ ಕಂಪನಿ ಬಾಗಿಲು ಹಾಕಿತೆಂದು ಸುದ್ದಿ ಬಂದ ದಿನ, ಕಾಫಿ ಕುಡಿಯುತ್ತ ಕುಳಿತವರೆಲ್ಲ ಹೇಳುವ ಮಾತು ಒಂದೇ: “ಆಸೆಬುರುಕರಿಗೆ ಹಾಗೆಯೇ ಆಗಬೇಕು.” ಈ ತೀರ್ಪನ್ನು ನಾನು ಒಪ್ಪಲಾರೆ. ಆಸೆ ಯಾರಿಗಿಲ್ಲ? ಆದರೆ ಆಸೆಯೊಂದೇ ಆಗಿದ್ದರೆ ಮನುಷ್ಯ ಹತ್ತು ಅಂಗಡಿ ತಿರುಗಿ ವಿಚಾರಿಸುತ್ತಿದ್ದ. ಆಸೆಗೆ ಕಣ್ಣು ಸ್ವಲ್ಪ ಮಂಜಾಗಿರಬಹುದು, ನಾಲಗೆ ಮಾತ್ರ ಚುರುಕಾಗಿರುತ್ತದೆ. ಕೇಳಬೇಕಾದ ಮಾತು ಗಂಟಲಿಗೆ ಬಂದಾಗ ಅದನ್ನು ಅಲ್ಲೇ ಹಿಡಿದು ನಿಲ್ಲಿಸುವುದು ದಾಕ್ಷಿಣ್ಯ. ನಾನು ಕಂಡ ಮಟ್ಟಿಗೆ, ಗಂಟು ಕಳೆದುಕೊಂಡವರಲ್ಲಿ ಆಸೆಯಿಂದ ಕೆಟ್ಟವರಿಗಿಂತ ದಾಕ್ಷಿಣ್ಯದಿಂದ ಕೆಟ್ಟವರೇ ಹೆಚ್ಚು.

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಸರಳಬಡ್ಡಿ, ಚಕ್ರಬಡ್ಡಿ, ಲಾಭ ನಷ್ಟಗಳ ಲೆಕ್ಕಗಳನ್ನು ಮೂವತ್ತು ವರ್ಷಗಳ ಕಾಲ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ಕೈ ಅವರದು. ಅವರಿಗೆ ಬಡ್ಡಿಯ ಲೆಕ್ಕ ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನಿವೃತ್ತರಾದಾಗ ಬಂದ ಹಣದಲ್ಲಿ ಎಂಟು ಲಕ್ಷ ರೂಪಾಯಿಯನ್ನು, ಹೆಂಡತಿಯ ಮಂಡಿಯ ಶಸ್ತ್ರಚಿಕಿತ್ಸೆಗೆಂದೂ ಮುಂದಿನ ಕಷ್ಟಕಾಲಕ್ಕೆಂದೂ ತೆಗೆದಿಟ್ಟಿದ್ದರು. ಬೆಳಗಿನ ಹೊತ್ತು ಪಾರ್ಕಿನಲ್ಲಿ ಅವರ ಜೊತೆ ನಾಲ್ಕು ಸುತ್ತು ಹಾಕುವ ಸ್ನೇಹಿತರೊಬ್ಬರು ಒಂದು ಕಂಪನಿಯ ವಿಷಯ ಹೇಳಿದರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ತಿಂಗಳ ಐದನೆಯ ತಾರೀಖು ತಪ್ಪದೆ ಹಣ ಬ್ಯಾಂಕಿಗೆ ಬಂದು ಬೀಳುತ್ತದೆ. “ನಾನೇ ಹನ್ನೆರಡು ಲಕ್ಷ ಹಾಕಿದ್ದೇನೆ ಮೇಷ್ಟ್ರೇ, ಹತ್ತು ತಿಂಗಳಿಂದ ಒಂದು ದಿನ ಹಿಂದೆಮುಂದೆ ಆಗಿಲ್ಲ.” ಹೇಳಿದವರು ಸುಳ್ಳು ಹೇಳುವವರಲ್ಲ, ಹೇಳಿದ್ದೂ ಸುಳ್ಳಲ್ಲ. ಮೇಷ್ಟರು ಎಂಟು ಲಕ್ಷ ಕೊಟ್ಟರು. ತಿಂಗಳಿಗೆ ೨೪,೦೦೦ ರೂಪಾಯಿ ಹತ್ತೊಂಬತ್ತು ತಿಂಗಳು ಬಂತು. ಇಪ್ಪತ್ತನೆಯ ತಿಂಗಳು ಹಣದ ಬದಲು ಕಂಪ್ಯೂಟರು ಕೆಟ್ಟಿದೆಯೆಂಬ ಸಮಾಚಾರ ಬಂತು. ಇಪ್ಪತ್ತೊಂದನೆಯ ತಿಂಗಳು ಅದೂ ಬರಲಿಲ್ಲ.

ಕೆಲವು ತಿಂಗಳ ಮೇಲೆ, ಅವರ ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡುತ್ತಿದ್ದಾಗ ಸಲಿಗೆಯಿಂದ ಕೇಳಿದೆ: “ಮೇಷ್ಟ್ರೇ, ಈ ಕಂಪನಿ ಯಾವ ವ್ಯಾಪಾರ ಮಾಡಿ ಇಷ್ಟು ಬಡ್ಡಿ ಕೊಡುತ್ತದೆ ಎಂದು ನೀವು ಒಂದು ಮಾತು ಕೇಳಬಹುದಾಗಿತ್ತಲ್ಲ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಹೇಗೆ ಕೇಳಲಿ? ಅವರ ಮನೆಯಲ್ಲಿ ಕುಳಿತು ಅವರ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತ, ನಿಮ್ಮ ಮಾತಿಗೆ ದಾಖಲೆ ತೋರಿಸಿ ಎನ್ನಲೇ? ಲೆಕ್ಕ ನನಗೆ ಅವತ್ತೇ ಗೊತ್ತಿತ್ತು. ಲೆಕ್ಕ ಕೇಳುವುದು ಹೇಗೆಂದು ಗೊತ್ತಿರಲಿಲ್ಲ.”

ಆ ಸ್ನೇಹಿತರು ಈಗ ಪಾರ್ಕಿಗೆ ಸಂಜೆ ಬರುತ್ತಾರೆ, ಮೇಷ್ಟರು ಬೆಳಗ್ಗೆ ಹೋಗುತ್ತಾರೆ. ಇಬ್ಬರಲ್ಲಿ ಯಾರೂ ಮೋಸ ಮಾಡಿದವರಲ್ಲ, ಇಬ್ಬರೂ ಮೋಸ ಹೋದವರು. ಆದರೂ ಮುಖಕ್ಕೆ ಮುಖ ಕೊಟ್ಟು ಮಾತನಾಡಲಾರದೆ ಹೋದರು. ಯಾವ ಸ್ನೇಹಕ್ಕೆ ಕುಂದು ಬಾರದಿರಲೆಂದು ಅವತ್ತು ಒಂದು ಪ್ರಶ್ನೆಯನ್ನು ನುಂಗಿಕೊಂಡರೋ ಆ ಸ್ನೇಹವೇ ಹೋಯಿತು. ಹಣಕ್ಕಿಂತ ಈ ನಷ್ಟವೇ ಮೇಷ್ಟರನ್ನು ಹೆಚ್ಚು ಕೊರೆಯುತ್ತಿದೆಯೆಂದು ನನ್ನ ಭಾವನೆ.

ಅವತ್ತು ಮೇಷ್ಟರು ಒಂದು ಮದುವೆಯ ಲಗ್ನಪತ್ರಿಕೆಯ ಹಿಂದೆ ನನಗೊಂದು ಲೆಕ್ಕ ಬಿಡಿಸಿ ತೋರಿಸಿದರು. ಅದನ್ನು ಪ್ರತಿಯೊಂದು ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಬರೆದಿಡಬೇಕು. ನೀವು ನನಗೆ ನೂರು ರೂಪಾಯಿ ಕೊಡುತ್ತೀರಿ. ನಾನು ಯಾವ ವ್ಯಾಪಾರವನ್ನೂ ಮಾಡದೆ ಅದನ್ನು ಡಬ್ಬಿಯಲ್ಲಿ ಹಾಕಿಟ್ಟು, ತಿಂಗಳಿಗೆ ಮೂರು ರೂಪಾಯಿಯಂತೆ ತೆಗೆದು ನಿಮಗೇ ಕೊಡುತ್ತ ಬರುತ್ತೇನೆ. ಡಬ್ಬಿ ಬರಿದಾಗಲು ಎಷ್ಟು ಕಾಲ ಬೇಕು? ಮೂವತ್ತಮೂರು ತಿಂಗಳು! ಹತ್ತಿರ ಹತ್ತಿರ ಮೂರು ವರ್ಷ ನಾನು ನಿಮ್ಮ ಕಣ್ಣಿಗೆ ಸತ್ಯಹರಿಶ್ಚಂದ್ರನಾಗಿರುತ್ತೇನೆ. ಅಷ್ಟರೊಳಗೆ ನೀವು ನನ್ನ ಗುಣಗಾನ ಮಾಡುತ್ತ ಇನ್ನಿಬ್ಬರನ್ನು ಕರೆತಂದರೆ ನನ್ನ ಡಬ್ಬಿಯ ಆಯುಸ್ಸು ಇನ್ನೂ ಬೆಳೆಯುತ್ತದೆ. ಆದ್ದರಿಂದ ‘ಎರಡು ವರ್ಷದಿಂದ ತಪ್ಪದೆ ಬಡ್ಡಿ ಬರುತ್ತಿದೆ’ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಅದು ನಿಮ್ಮ ಅಸಲೇ ಬಡ್ಡಿಯ ವೇಷ ಹಾಕಿಕೊಂಡು ಬರುತ್ತಿರಬಹುದು. ಮೇಷ್ಟರಿಗೆ ಬಂದ ಹತ್ತೊಂಬತ್ತು ಕಂತು ಸೇರಿ ೪,೫೬,೦೦೦ ರೂಪಾಯಿ. ಅವರು ಕೊಟ್ಟದ್ದರಲ್ಲಿ ಅರ್ಧಕ್ಕೆ ಸ್ವಲ್ಪ ಹೆಚ್ಚು ಅವರಿಗೇ ಹಿಂದಕ್ಕೆ ಬಂದಿತ್ತು, ಅಷ್ಟೆ. ಅದನ್ನು ಬಡ್ಡಿಯೆಂದು ನಂಬಿ ಅವರು ಖರ್ಚು ಮಾಡಿದ್ದರು.

ಈ ವಿದ್ಯೆ ಹೊಸದಲ್ಲ. ೧೯೨೦ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪಾಂಜಿ ಎಂಬಾತ ನಲವತ್ತೈದು ದಿನಗಳಲ್ಲಿ ನೂರಕ್ಕೆ ಐವತ್ತು ಲಾಭ ಕೊಡುತ್ತೇನೆಂದು ಹೊರಟ. ಪರದೇಶಗಳಲ್ಲಿ ಅಂಚೆಯ ಕೂಪನ್ನುಗಳನ್ನು ಅಗ್ಗವಾಗಿ ಕೊಂಡು ಅಮೆರಿಕದಲ್ಲಿ ಹೆಚ್ಚಿನ ಬೆಲೆಯ ಅಂಚೆಚೀಟಿಗಳಿಗೆ ಬದಲಾಯಿಸುವುದು ತನ್ನ ವ್ಯಾಪಾರವೆಂದು ಹೇಳಿಕೊಂಡ. ಕೂಪನ್ನಿನ ಕಥೆ ಹೇಳಿ ಅವನು ನಿಜವಾಗಿ ಮಾಡುತ್ತಿದ್ದದ್ದು, ಇಂದು ಬಂದವರ ಹಣವನ್ನು ನಿನ್ನೆ ಬಂದವರಿಗೆ ಕೊಡುವ ಕೆಲಸ. ಅದೇ ವರ್ಷದ ಆಗಸ್ಟಿನಲ್ಲಿ ಎಲ್ಲವೂ ಕುಸಿಯಿತು. ಇಂಥ ಮೋಸಕ್ಕೆ ಪ್ರಪಂಚದಾದ್ಯಂತ ಅವನ ಹೆಸರೇ ನಿಂತಿತು. ನಮ್ಮವರಿಗೆ ಇದನ್ನು ತಿಳಿಯಲು ಬಾಸ್ಟನ್ನಿನವರೆಗೆ ಹೋಗಬೇಕಾಗಿಲ್ಲ. ೨೦೧೯ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಕುಸಿದಾಗ ಹತ್ತಾರು ಸಾವಿರ ಜನ ದೂರು ಹಿಡಿದು ಸಾಲು ನಿಂತರು. ಅವರಲ್ಲಿ ಮಗಳ ಮದುವೆಗೆಂದು ಕೂಡಿಟ್ಟವರಿದ್ದರು, ಒಡವೆ ಮಾರಿ ಕೊಟ್ಟವರಿದ್ದರು. ನಮ್ಮ ಜನ, ನಮ್ಮ ಮತ, ನಮ್ಮ ದೇವರು ಎಂಬ ಮಾತು ಎಲ್ಲಿ ಬಂತೋ ಅಲ್ಲಿ ಪ್ರಶ್ನೆ ಕೇಳುವುದು ಇನ್ನೂ ಕಷ್ಟ. ಈ ವಿಷಯದಲ್ಲಿ ಯಾವ ಜಾತಿಯವರೂ ಯಾವ ಮತದವರೂ ಇನ್ನೊಬ್ಬರನ್ನು ನೋಡಿ ನಗುವ ಹಾಗಿಲ್ಲ.

ಬಡ್ಡಿಯ ವಿಷಯದಲ್ಲಿ ಇನ್ನೊಂದು ಸುಲಭವಾದ ಅಳತೆಗೋಲು ಉಂಟು. ಎಪ್ಪತ್ತೆರಡನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಸುಮಾರು ಎಷ್ಟು ಕಾಲದಲ್ಲಿ ಇಮ್ಮಡಿಯಾಗುತ್ತದೆಂದು ತಿಳಿಯುತ್ತದೆ. ವರ್ಷಕ್ಕೆ ಶೇಕಡ ೭ರಂತೆ ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ ಹತ್ತು ವರ್ಷದಲ್ಲಿ ಲಕ್ಷ ರೂಪಾಯಿ ಸುಮಾರು ಎರಡು ಲಕ್ಷವಾಗುತ್ತದೆ. ತಿಂಗಳಿಗೆ ಶೇಕಡ ೩ ಎಂದರೆ? ಇಪ್ಪತ್ತನಾಲ್ಕೇ ತಿಂಗಳಲ್ಲಿ ಇಮ್ಮಡಿ. ಹತ್ತು ವರ್ಷದಲ್ಲಿ ಅದೇ ಒಂದು ಲಕ್ಷ ಮೂವತ್ತನಾಲ್ಕು ಲಕ್ಷವನ್ನು ದಾಟುತ್ತದೆ. ಯಾವ ಪ್ರಾಮಾಣಿಕ ವ್ಯಾಪಾರಿ ಹತ್ತು ವರ್ಷ ಬಿಡದೆ ಹೀಗೆ ಗಳಿಸಬಲ್ಲ? ಗಳಿಸಬಲ್ಲವನಾದರೆ, ಬ್ಯಾಂಕಿನಲ್ಲಿ ಅದರ ಮೂರನೆಯ ಒಂದು ಪಾಲಿಗಿಂತ ಕಡಿಮೆ ಬಡ್ಡಿಗೆ ಸಾಲ ಸಿಕ್ಕುತ್ತಿರುವಾಗ ನಮ್ಮ ನಿಮ್ಮ ಪಿಂಚಣಿಯ ಹಣಕ್ಕೆ ಅವನೇಕೆ ಬಾಯಿ ಬಿಡುತ್ತಾನೆ? ಈ ಪ್ರಶ್ನೆ ಅಷ್ಟೇನೂ ಕಠಿಣವಾದುದಲ್ಲ. ಕೇಳುವವರು ಬೇಕು, ಅಷ್ಟೆ.

ಬಡ್ಡಿ ಎಲ್ಲಿಂದ ಬರುತ್ತದೆ ಎನ್ನುವುದು ಮೊದಲನೆಯ ಪ್ರಶ್ನೆಯಾದರೆ, ಬರದೇಹೋದರೆ ಹೊಣೆ ಯಾರು ಎನ್ನುವುದು ಎರಡನೆಯದು. ಈ ಎರಡನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಕಾನೂನಿನ ಉತ್ತರವೊಂದುಂಟು. ಆದರೆ ಆ ಉತ್ತರಕ್ಕೆ ಒಂದು ಗಡಿಯೂ ಉಂಟು. ೧೯೬೦ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿತು. ಅದರ ಬಿಸಿ ಡೆಲ್ಲಿಗೂ ತಟ್ಟಿ, ಠೇವಣಿ ವಿಮೆಯ ಕಾನೂನು ಬಂದು, ೧೯೬೨ರ ಜನವರಿ ೧ರಿಂದ ಜಾರಿಯಾಯಿತು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಆಗ ಸಿಕ್ಕುತ್ತಿದ್ದದ್ದು ಹೆಚ್ಚೆಂದರೆ ೧,೫೦೦ ರೂಪಾಯಿ. ಕಾಲಕಾಲಕ್ಕೆ ಏರುತ್ತ ೧೯೯೩ರಲ್ಲಿ ಅದು ಒಂದು ಲಕ್ಷವಾಯಿತು. ಆಮೇಲೆ ಇಪ್ಪತ್ತಾರು ವರ್ಷಕ್ಕೂ ಮಿಗಿಲಾಗಿ ಅಲ್ಲಿಯೇ ನಿಂತಿತ್ತು. ೨೦೧೯ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಂದೊಂದು ಖಾತೆಯಿಂದ ಮೊದಲಿಗೆ ೧,೦೦೦ ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದಿತು. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಇಂಥದೇ ನಿರ್ಬಂಧ ಬಂದಾಗ ಮಿತಿ ೩೫,೦೦೦ ರೂಪಾಯಿ. ಮನೆ ಮಾರಿ ಬಂದ ಹಣವನ್ನೂ ನಿವೃತ್ತಿಯ ಹಣವನ್ನೂ ಒಂದೇ ಕಡೆ ಇಟ್ಟಿದ್ದ ಹಿರಿಯರು ಬೀದಿಗೆ ಬಂದು ನಿಂತರು. ೨೦೨೦ರ ಫೆಬ್ರವರಿ ೪ರಿಂದ ವಿಮೆಯ ಮಿತಿ ಐದು ಲಕ್ಷಕ್ಕೆ ಏರಿತು. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ಆ ಹಣ ತೊಂಬತ್ತು ದಿನದೊಳಗೆ ಠೇವಣಿದಾರನಿಗೆ ಸೇರಬೇಕೆಂಬ ತಿದ್ದುಪಡಿ ೨೦೨೧ರಲ್ಲಿ ಬಂತು. ನಮಗಿರುವ ಒಂದೊಂದು ರಕ್ಷಣೆಯ ಹಿಂದೆಯೂ ಯಾರೋ ಕಾಣದ ಜನರ ಕಣ್ಣೀರಿದೆ.

ಈ ಐದು ಲಕ್ಷದ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅದು ಒಂದೊಂದು ಖಾತೆಗಲ್ಲ. ಒಂದು ಬ್ಯಾಂಕಿನಲ್ಲಿ, ಅದರ ಎಲ್ಲ ಶಾಖೆಗಳಲ್ಲಿ, ಒಬ್ಬರ ಹೆಸರಿನಲ್ಲಿರುವ ಅಸಲು ಬಡ್ಡಿಯೆಲ್ಲವೂ ಸೇರಿ ಐದು ಲಕ್ಷ. ಜಯನಗರದ ಶಾಖೆಯಲ್ಲಿ ಐದು, ಮಲ್ಲೇಶ್ವರದ ಶಾಖೆಯಲ್ಲಿ ಐದು ಇಟ್ಟು ಬುದ್ಧಿವಂತರಾದೆವೆಂದು ತಿಳಿಯಬಾರದು. ಬೇರೆ ಬೇರೆ ಬ್ಯಾಂಕಿನಲ್ಲಿಟ್ಟರೆ ಮಾತ್ರ ಬೇರೆ ಬೇರೆ ಲೆಕ್ಕ. ಇನ್ನು ಬೋರ್ಡು ನೋಡಿ ಮರುಳಾಗುವ ವಿಷಯ. ಗಾಜಿನ ಬಾಗಿಲು, ಟೋಕನ್ನು, ಕೌಂಟರು, ಪಾಸ್ ಬುಕ್ಕು ಎಲ್ಲ ಇದ್ದ ಮಾತ್ರಕ್ಕೆ ಅದು ಬ್ಯಾಂಕಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕು ಬೇರೆ, ಬೀದಿಯ ಮೂಲೆಯ ಪತ್ತಿನ ಸಹಕಾರ ಸಂಘವೂ ಸೌಹಾರ್ದ ಸಹಕಾರಿಯೂ ಬೇರೆ. ಆ ಸಂಘಗಳಲ್ಲಿ ಅಚ್ಚುಕಟ್ಟಾಗಿ ನಡೆಯುವಂಥವು ಬೇಕಾದಷ್ಟಿವೆ. ಆದರೆ ಅಲ್ಲಿಟ್ಟ ಹಣಕ್ಕೆ ಈ ಠೇವಣಿ ವಿಮೆ ಇಲ್ಲ. ಫೈನಾನ್ಸ್ ಕಂಪನಿಯಲ್ಲಿಟ್ಟ ಡಿಪಾಜಿಟ್ಟಿಗೂ ಇಲ್ಲ. ಅಂಚೆ ಕಚೇರಿಯ ಉಳಿತಾಯಕ್ಕೆ ಮಾತ್ರ ಸರ್ಕಾರವೇ ಪೂರ್ತಿ ಹೊಣೆ. ಅಲ್ಲಿಯ ಕೆಲವು ಯೋಜನೆಗಳಲ್ಲಿ ಇಷ್ಟೇ ಹಣ ಹಾಕಬಹುದೆಂಬ ಮಿತಿ ಇರುವುದು ಬೇರೆ ಮಾತು. ಚೀಟಿ ಹಾಕುವುದು ನಮ್ಮ ಹೆಂಗಸರ ಹಳೆಯ ಉಳಿತಾಯ. ಅದಕ್ಕೂ ೧೯೮೨ರ ಕಾನೂನುಂಟು. ಚೀಟಿ ನಡೆಸುವವರು ರಿಜಿಸ್ಟ್ರಾರರಲ್ಲಿ ನೋಂದಾಯಿಸಿ ಭದ್ರತೆ ಕಟ್ಟಬೇಕು. ಎದುರುಮನೆಯವರ ಚೀಟಿಗೆ ಇದೆಲ್ಲ ಉಂಟೇ ಎಂದು ಯಾರು ಕೇಳಿಯಾರು? ಮತ್ತೆ ಬಂತಲ್ಲ, ದಾಕ್ಷಿಣ್ಯ!

‘ಸರ್ಕಾರದ್ದು’ ಎಂಬ ಮಾತಿನಲ್ಲಿಯೂ ಒಂದು ಬಗೆಯ ದಾಕ್ಷಿಣ್ಯವಿದೆ. ಯೂನಿಟ್ ಟ್ರಸ್ಟಿನ ‘ಯು.ಎಸ್. ೬೪’ ಎಂಬ ಯೋಜನೆ ೧೯೬೪ರಲ್ಲಿ ಹೊರಟಾಗಿನಿಂದ ನಮ್ಮ ತಂದೆಯವರ ಕಾಲದ ಅನೇಕರು ಅದನ್ನು ಬ್ಯಾಂಕಿನ ಠೇವಣಿಯಷ್ಟೇ ಭದ್ರವೆಂದು ಬಗೆದಿದ್ದರು. ೨೦೦೧ರ ಜುಲೈನಲ್ಲಿ ಟ್ರಸ್ಟು ಆರು ತಿಂಗಳ ಮಟ್ಟಿಗೆ ಯೂನಿಟ್ಟುಗಳನ್ನು ಹಿಂದಕ್ಕೆ ಕೊಳ್ಳುವುದನ್ನು ನಿಲ್ಲಿಸಿದಾಗಲೇ ಎಷ್ಟೋ ಜನರಿಗೆ ತಮ್ಮ ಹಣ ಷೇರುಪೇಟೆಯಲ್ಲಿ ಓಡಾಡುತ್ತಿತ್ತೆಂಬ ಅರಿವಾದದ್ದು. ಷೇರುಪೇಟೆಗೆ ಹೋಗುವುದು ತಪ್ಪಲ್ಲ. ಬೆಲೆಗಳು ಏರುತ್ತಿರುವ ಕಾಲದಲ್ಲಿ ಬರಿಯ ಠೇವಣಿಯನ್ನೇ ನಂಬಿದರೆ ಹಣ ಕುಳಿತಲ್ಲೇ ಸವೆಯುತ್ತದೆ. ಅದೂ ನಷ್ಟವೇ. ಆದರೆ ಹೋಗುವಾಗ ಹೋಗುತ್ತಿದ್ದೇವೆಂದು ಗೊತ್ತಿರಬೇಕು. ಸೆಬಿ ಎಂಬ ಕಾವಲುಗಾರ ಕಳ್ಳರನ್ನು ಹಿಡಿಯಬಲ್ಲ, ಪೇಟೆಯ ಇಳಿತವನ್ನು ಹಿಡಿದು ನಿಲ್ಲಿಸಲಾರ. ಮಳೆಯಲ್ಲಿ ನೆನೆಯುವುದು ಬೇರೆ, ಕೊಡೆಯನ್ನು ಕದಿಸಿಕೊಳ್ಳುವುದು ಬೇರೆ. ಷೇರಿನಲ್ಲಿ ಖಚಿತವಾದ ಲಾಭ ಕೊಡಿಸುತ್ತೇನೆನ್ನುವವನು ಒಂದೋ ಪೇಟೆಯನ್ನು ಅರಿಯದವನು, ಇಲ್ಲವೇ ನಿಮ್ಮನ್ನು ಚೆನ್ನಾಗಿ ಅರಿತವನು.

ದಾಕ್ಷಿಣ್ಯಕ್ಕೆ ಅತ್ಯಂತ ಪ್ರಶಸ್ತವಾದ ಸ್ಥಳ ಬ್ಯಾಂಕಿನೊಳಗೇ ಇದೆ. ಎಫ್.ಡಿ. ನವೀಕರಿಸಲು ಹೋದ ಹಿರಿಯರನ್ನು ಒಳಗಿನ ಕೋಣೆಗೆ ಕರೆದು, ಕುರ್ಚಿ ಕೊಟ್ಟು, ನೀರು ಕೊಟ್ಟು, “ಇದಕ್ಕಿಂತ ಒಳ್ಳೆಯದೊಂದು ಬಂದಿದೆ ಸಾರ್, ಇಲ್ಲಿ ಒಂದು ರುಜು ಹಾಕಿ” ಎಂದರೆ ಮುಗಿಯಿತು. ನೀರು ಕುಡಿದ ಮೇಲೆ ರುಜು ಹಾಕದೆ ಎದ್ದು ಬರುವುದುಂಟೇ? ಮನೆಗೆ ಬಂದ ಕಾಗದವನ್ನು ಮೊಮ್ಮಗಳು ಓದಿದಾಗ ಅದು ಎಫ್.ಡಿ. ಅಲ್ಲ, ವರ್ಷ ವರ್ಷವೂ ಕಂತು ಕಟ್ಟಬೇಕಾದ ವಿಮೆಯ ಪಾಲಿಸಿ ಎಂದು ತಿಳಿಯುತ್ತದೆ. ಇಂಥವರಿಗೆ ಕಾನೂನು ಒಂದು ಹಿಂಬಾಗಿಲನ್ನು ತೆರೆದಿಟ್ಟಿದೆ. ಜೀವವಿಮೆಯ ಪಾಲಿಸಿಯ ಕಾಗದ ಕೈಗೆ ಬಂದ ದಿನದಿಂದ ಮೂವತ್ತು ದಿನದೊಳಗೆ ಬೇಡವೆಂದು ಬರೆದುಕೊಟ್ಟರೆ, ಸಣ್ಣಪುಟ್ಟ ವೆಚ್ಚ ಕಳೆದು ಹಣವನ್ನು ಹಿಂದಕ್ಕೆ ಕೊಡಬೇಕು. ಮೊದಲು ಹದಿನೈದು ದಿನವಿದ್ದ ಈ ಅವಧಿ ೨೦೨೪ರಲ್ಲಿ ಮೂವತ್ತಕ್ಕೆ ಏರಿತು. ಬ್ಯಾಂಕಿನವರ ಸೇವೆಯಲ್ಲಿ ಲೋಪವಿದ್ದರೆ ಮೊದಲು ಬ್ಯಾಂಕಿಗೇ ದೂರು ಬರೆಯಬೇಕು. ಮೂವತ್ತು ದಿನದೊಳಗೆ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅದಕ್ಕೆ ಕಾಸು ಖರ್ಚಿಲ್ಲ, ವಕೀಲರೂ ಬೇಕಿಲ್ಲ. ಆದರೆ ದೂರು ಬರೆಯುವುದಕ್ಕೂ ಒಂದು ಮನಸ್ಸು ಬೇಕು. “ಪಾಪ, ಆ ಹುಡುಗನ ಕೆಲಸಕ್ಕೆ ಎಲ್ಲಿ ಸಂಚಕಾರವೋ” ಎಂದು ಸುಮ್ಮನಾಗುವವರನ್ನು ನಾನು ಕಂಡಿದ್ದೇನೆ. ಆ ಹುಡುಗನ ತಲೆಯ ಮೇಲೆ ಇಷ್ಟು ಪಾಲಿಸಿ ಮಾರಲೇಬೇಕೆಂಬ ಭಾರ ಹೊರಿಸಿದವರು ಇನ್ನೆಲ್ಲೋ ಇರುತ್ತಾರೆ. ನಮ್ಮ ದೂರು ಸೇರಬೇಕಾದದ್ದು ಅವರನ್ನು.

ಈಚೆಗೆ ದಾಕ್ಷಿಣ್ಯ ದೂರವಾಣಿಯೊಳಗೂ ಬಂದು ಕುಳಿತಿದೆ. ಗುರುತಿಲ್ಲದವನೊಬ್ಬ ಪೊಲೀಸ್ ಅಧಿಕಾರಿಯ ಉಡುಪಿನಲ್ಲಿ ತೆರೆಯ ಮೇಲೆ ಕಾಣಿಸಿಕೊಂಡು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇನೆಂದರೆ, ಎದ್ದು ನಿಂತು “ಸಾರ್” ಎನ್ನುತ್ತೇವೆಯೇ ಹೊರತು ಫೋನನ್ನು ಕೆಳಗಿಡುವುದಿಲ್ಲ. ಹಾಗೆ ಬಂಧಿಸುವ ಕ್ರಮ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ದೊಡ್ಡವರ ಮಾತಿನ ಮಧ್ಯೆ ಎದ್ದು ಹೋಗಬಾರದೆಂದು ಚಿಕ್ಕಂದಿನಲ್ಲಿ ಕಲಿತ ಪಾಠವನ್ನು ಈ ಒಂದು ಕಡೆ ಮರೆಯಬೇಕು. ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಬೇಕು. ಇಲ್ಲಿ ತಡವಾದಷ್ಟೂ ನಷ್ಟ.

ಹಾಗಾದರೆ ದಾಕ್ಷಿಣ್ಯವೇ ಕೆಟ್ಟದ್ದೇ? ಹಾಗೆಂದರೆ ನಾನು ಕೃತಘ್ನನಾದೇನು. ನಮ್ಮ ನಾಡಿನ ಬ್ಯಾಂಕುಗಳು ಬೆಳೆದದ್ದೇ ಪರಿಚಯದ ಮೇಲೆ, ಮುಖ ನೋಡಿ ಹುಟ್ಟುವ ವಿಶ್ವಾಸದ ಮೇಲೆ. ೧೯೨೫ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾದದ್ದು. ೨೦೨೦ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದು ೧೯೨೮ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆಯ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಹೋಗುತ್ತಿದ್ದರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ದಾಕ್ಷಿಣ್ಯಕ್ಕೇ ಎಷ್ಟೋ ಬಡ ಸಂಸಾರಗಳು ನಾಲ್ಕು ಕಾಸು ಉಳಿಸಿದವು. ಅದಕ್ಕಿಂತಲೂ ಹಿಂದೆ, ೧೯೦೫ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗಲೂ ಸೇರಿದವರೆಲ್ಲ ಒಬ್ಬರ ಮುಖವನ್ನೊಬ್ಬರು ಬಲ್ಲವರೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಿಗ್ಮಿ ಏಜೆಂಟರ ಮುಖದ ಹಿಂದೆ ಒಂದು ರಸೀತಿ ಇತ್ತು, ರಸೀತಿಯ ಹಿಂದೆ ಒಂದು ಲೆಕ್ಕದ ಪುಸ್ತಕವಿತ್ತು. ಕಣಗಿನಹಾಳದ ಕಾಲದ ಕಾನೂನಿನಲ್ಲಿ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಆಸ್ತಿಯೂ ಅದಕ್ಕೆ ಈಡು. ‘ಹೊಣೆ ಯಾರು?’ ಎಂಬ ಪ್ರಶ್ನೆಗೆ ಅಲ್ಲಿ ಕೇಳುವ ಮೊದಲೇ ಉತ್ತರವಿತ್ತು. ನಮ್ಮ ಹಿರಿಯರು ಮುಖವನ್ನೂ ನೋಡಿದರು, ಕಾಗದವನ್ನೂ ಬರೆಸಿಕೊಂಡರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರದೇ. ನಾವು ಮುಖವನ್ನು ಉಳಿಸಿಕೊಂಡು ಕಾಗದವನ್ನು ಬಿಟ್ಟೆವು.

ಆದ್ದರಿಂದ ದಾಕ್ಷಿಣ್ಯವನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಬಿಡಿರೆಂದರೆ ಬಿಡುವ ಗುಣವೂ ಅದಲ್ಲ. ದಾಕ್ಷಿಣ್ಯಸ್ಥರಿಗೆ ಬೇಕಾದದ್ದು ನೋಯಿಸದೆ ಕೇಳುವ ಉಪಾಯ. ಅದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಉಂಟು. ಹಿರಿಯರು ಯಾವ ವ್ಯವಹಾರಕ್ಕೂ ಕೂತ ಜಾಗದಲ್ಲಿ ಹೂಂ ಎನ್ನುತ್ತಿರಲಿಲ್ಲ. “ಮನೆಯಲ್ಲಿ ಒಂದು ಮಾತು ಕೇಳಿ ಹೇಳುತ್ತೇನೆ” ಎನ್ನುತ್ತಿದ್ದರು. ಮನೆಯಲ್ಲಿ ಕೇಳುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಆ ಮಾತಿನಿಂದ ಎದುರಿನವರಿಗೆ ನೋವಾಗುತ್ತಿರಲಿಲ್ಲ, ತಮಗೆ ಒಂದು ರಾತ್ರಿಯ ಅವಕಾಶ ಸಿಕ್ಕುತ್ತಿತ್ತು. ಆ ಒಂದು ರಾತ್ರಿಯಲ್ಲಿ ಈಗ ಎಷ್ಟೋ ಕೆಲಸವಾಗುತ್ತದೆ. ಠೇವಣಿ ಕೂಡಿಸುವ ಸಂಸ್ಥೆಗೆ ಅನುಮತಿ ಇದೆಯೇ ಎಂದು ನೋಡಲೂ ಇಲ್ಲದಿದ್ದರೆ ದೂರು ಕೊಡಲೂ ರಿಸರ್ವ್ ಬ್ಯಾಂಕು ೨೦೧೬ರಲ್ಲಿ ‘ಸಚೇತ್’ ಎಂಬ ಜಾಲತಾಣವನ್ನು ತೆರೆಯಿತು. ಮಕ್ಕಳನ್ನು ಕೂಡಿಸಿಕೊಂಡರೆ ಹತ್ತು ನಿಮಿಷದ ಕೆಲಸ. ಬಂದವರು “ನಾಳೆಗೆ ಆಗುವುದಿಲ್ಲ, ಇವತ್ತೇ ಕಡೆಯ ದಿನ” ಎಂದರೆ ಜಾಲತಾಣವನ್ನು ನೋಡುವ ಶ್ರಮವೂ ಬೇಕಿಲ್ಲ. ಉತ್ತರ ಸಿಕ್ಕಿಬಿಟ್ಟಿತು.

ಕಳೆದುಕೊಂಡವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಠೇವಣಿದಾರರ ಹಿತವನ್ನು ಕಾಯಲು ಕರ್ನಾಟಕದಲ್ಲಿ ೨೦೦೪ರ ಕಾನೂನೊಂದಿದೆ. ಅನುಮತಿಯಿಲ್ಲದೆ ಠೇವಣಿ ಕೂಡಿಸುವುದನ್ನೇ ನಿಷೇಧಿಸುವ ಕೇಂದ್ರದ ಕಾಯಿದೆ ೨೦೧೯ರಲ್ಲಿ ಬಂತು. ಸಂಸ್ಥೆಯವರ ಆಸ್ತಿಯನ್ನು ಜಪ್ತಿ ಮಾಡಿ, ಮಾರಿ, ಠೇವಣಿದಾರರಿಗೆ ಹಂಚುವ ಏರ್ಪಾಡು ಅವುಗಳಲ್ಲಿದೆ. ನಿಧಾನದ ದಾರಿ ನಿಜ. ಕೈಗೆ ಬರುವುದು ಕೊಟ್ಟದ್ದಕ್ಕಿಂತ ಕಡಿಮೆಯೆಂಬುದೂ ಸಾಮಾನ್ಯವಾಗಿ ನಿಜ. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂದು ಗಾದೆ ಹೇಳಿಕೊಂಡು ಮನೆಯಲ್ಲಿ ಕುಳಿತರೆ ಅದೂ ಇಲ್ಲ. ದೂರು ಕೊಡದವನ ಹೆಸರು ಹಂಚಿಕೆಯ ಪಟ್ಟಿಗೆ ತಾನಾಗಿ ಬರುವುದಿಲ್ಲ. ಮೇಷ್ಟರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ತುಂಬಿ, ಪಾಸ್ ಬುಕ್ಕಿನ ನಕಲನ್ನು ಲಗತ್ತಿಸಿ ಕೊಟ್ಟು ಬಂದಿದ್ದಾರೆ. ಕೊಟ್ಟದ್ದಕ್ಕೆ ಮೊಹರು ಹಾಕಿದ ಸ್ವೀಕೃತಿಯನ್ನು ಕೇಳಿ ಪಡೆದಿದ್ದಾರೆ. ಗುಮಾಸ್ತರು “ನಾಳೆ ಬನ್ನಿ” ಎಂದರಂತೆ. “ಪರವಾಗಿಲ್ಲ, ಕಾಯುತ್ತೇನೆ” ಎಂದು ಬೆಂಚಿನ ಮೇಲೆ ಕುಳಿತರಂತೆ.

ಅವರ ಸ್ನೇಹಿತರು ಇನ್ನೂ ಅರ್ಜಿ ಕೊಟ್ಟಿಲ್ಲ, ಸಂಕೋಚ. ಎರಡನೆಯ ಅರ್ಜಿಯ ನಮೂನೆಯೊಂದನ್ನು ಮೇಷ್ಟರು ಅವತ್ತೇ ಇಸಿದುಕೊಂಡು ಬಂದು ಮೇಜಿನ ಮೇಲಿಟ್ಟಿದ್ದರು. ಅದನ್ನು ತಲುಪಿಸುವುದು ಹೇಗೆಂದು ನನ್ನನ್ನು ಕೇಳಿದರು. ಸಂಜೆ ಪಾರ್ಕಿಗೆ ನೀವೇ ಹೋಗಿ ಎಂದೆ.